ಪಂಡಿತರೂ ಪ್ರೋಗ್ರಾಮರ್‌ಗಳೂ ಒಂದೇ ಪಂಕ್ತಿಯಲ್ಲಿ

ಫೋನಿಗೆ ಕನ್ನಡ ಕಲಿಸಿದವರು ಯಾರು? ಪ್ರಯೋಗಾಲಯಗಳು ಎನ್ನುವುದು ಅರ್ಧ ಉತ್ತರ. ವ್ಯಾಕರಣದವರೂ ಗಣಿತದವರೂ ಎದುರುಬದುರು ಕೂತು ಕಿತ್ತಾಡಿದ ಸಭಾಂಗಣಗಳು ಇನ್ನರ್ಧ. ಪಿಟ್ಸ್‌ಬರ್ಗ್‌ನಿಂದ ಬೆಂಗಳೂರಿನವರೆಗೆ, ಆ ಸಭೆಗಳ ಒಳಗಿದ್ದವರ ಮತ್ತು ಹೊರಗುಳಿದವರ ಕಥೆ ಇಲ್ಲಿದೆ.

1988ರ ಜೂನ್. ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಯಂತ್ರಾನುವಾದದ ಸಮ್ಮೇಳನ. ಸಭಾಂಗಣದಲ್ಲಿ ಕೂತವರಲ್ಲಿ ಹೆಚ್ಚಿನವರು ವ್ಯಾಕರಣ ಅರೆದು ಕುಡಿದವರು. ಒಂದು ವಾಕ್ಯವನ್ನು ಕಂಪ್ಯೂಟರಿನ ತಲೆಗೆ ಹತ್ತಿಸಲು ಕರ್ತೃ, ಕರ್ಮ, ಕ್ರಿಯಾಪದಗಳ ನಿಯಮಗಳನ್ನು ಒಂದೊಂದಾಗಿ ಬರೆದು ಬರೆದು ಕೂದಲು ನರೆಸಿಕೊಂಡವರು.

ಐಬಿಎಂ ಸಂಶೋಧಕರ ಸರದಿ ಬಂತು. ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದ ಮಾಡಲು ವ್ಯಾಕರಣದ ನಿಯಮ ಬೇಕಿಲ್ಲ ಎಂಬುದು ಅವರ ವಾದ. ಕೆನಡಾ ಸಂಸತ್ತಿನ ಕಲಾಪ ಎರಡೂ ಭಾಷೆಗಳಲ್ಲಿ ಅಚ್ಚಾಗುತ್ತದೆ. ಆ ವಾಕ್ಯಗಳನ್ನು ರಾಶಿರಾಶಿಯಾಗಿ ಅಕ್ಕಪಕ್ಕ ಜೋಡಿಸಿ, ಯಾವ ಪದದ ಎದುರು ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿದರಾಯಿತು. ಉಳಿದದ್ದನ್ನು ಸಂಭವನೀಯತೆಯ ಗಣಿತ ನೋಡಿಕೊಳ್ಳುತ್ತದೆ.

ಸಭೆ ದಂಗಾಯಿತು. ಮಂಡನೆ ಮುಗಿಯುವವರೆಗೂ ಜನ ನಂಬಲಾರದೆ ತಲೆ ಅಲ್ಲಾಡಿಸುತ್ತಲೇ ಇದ್ದರು, ಮಧ್ಯೆ ಮಧ್ಯೆ ಗೊಣಗಾಟವೂ ಕೇಳುತ್ತಿತ್ತು ಎಂದು ಅಲ್ಲಿದ್ದವರೊಬ್ಬರು ಮುಂದೆ ನೆನಪಿಸಿಕೊಂಡಿದ್ದಾರೆ.

ಅದೇ ವರ್ಷದ ಆಗಸ್ಟಿನಲ್ಲಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ನಡೆಯಲಿದ್ದ ‘ಕೋಲಿಂಗ್’ ಸಮ್ಮೇಳನಕ್ಕೂ ಈ ತಂಡ ಒಂದು ಪ್ರಬಂಧ ಕಳಿಸಿತ್ತು. ಅದನ್ನು ಪರಿಶೀಲಿಸಿದ ಅನಾಮಧೇಯ ವಿದ್ವಾಂಸರೊಬ್ಬರು ಕೆಂಡಾಮಂಡಲವಾದರು. ಕಂಪ್ಯೂಟರಿನ ಬರೀ ತೋಳ್ಬಲವನ್ನು ವಿಜ್ಞಾನ ಎನ್ನಲಾಗದು, ಈ ಪ್ರಬಂಧ ನಮ್ಮ ಸಮ್ಮೇಳನದ ವ್ಯಾಪ್ತಿಗೇ ಬರದು ಎಂಬ ಅರ್ಥದಲ್ಲಿ ಷರಾ ಬರೆದರು. ಅಷ್ಟಾದರೂ ಪ್ರಬಂಧ ಮಂಡನೆಯಾಯಿತು, ನಡಾವಳಿಯಲ್ಲಿ ಅಚ್ಚೂ ಆಯಿತು.

ಇವತ್ತು ವಾಟ್ಸ್ಆ್ಯಪ್‌ನಲ್ಲಿ ಬಂದ ತಮಿಳು ಸಂದೇಶವನ್ನು ಫೋನಿನಲ್ಲೇ ಕನ್ನಡ ಮಾಡಿಕೊಂಡು ಓದುತ್ತೀರಲ್ಲ, ಅದರ ವಂಶವೃಕ್ಷ ಹಿಡಿದು ಹಿಂದೆ ಹೋದರೆ ಸಿಗುವುದು ಆ ವರ್ಷ ಬೈಸಿಕೊಂಡ ಈ ಪ್ರಬಂಧಗಳೇ. ಬರೆದವರಲ್ಲಿ ಇಬ್ಬರು, ಪೀಟರ್ ಬ್ರೌನ್ ಮತ್ತು ರಾಬರ್ಟ್ ಮರ್ಸರ್, ಮುಂದೆ ಭಾಷೆಯ ಸಹವಾಸ ಬಿಟ್ಟು ರಿನೇಸಾನ್ಸ್ ಟೆಕ್ನಾಲಜೀಸ್ ಎಂಬ ಹೂಡಿಕೆ ಸಂಸ್ಥೆ ಸೇರಿ, ಅದರ ಜಂಟಿ ಮುಖ್ಯಸ್ಥರೂ ಆದರು. ಪದ ಎಣಿಸಿದವರು ಆಮೇಲೆ ದುಡ್ಡು ಎಣಿಸಿದರು.

ಮೂರು ಡಿಸೆಂಬರ್

ಡಿಸೆಂಬರ್ ಎಂದರೆ ನಮ್ಮಲ್ಲಿ ಸಭೆ ಸಮಾರಂಭಗಳ ಸುಗ್ಗಿ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಪುಸ್ತಕ ಮಳಿಗೆ, ಊಟದ ಸಾಲು, ಅಧ್ಯಕ್ಷರ ಮೆರವಣಿಗೆ ಎಲ್ಲವೂ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂತು.

ತಮಾಷೆಯೆಂದರೆ, 1986ರ ಇದೇ ಡಿಸೆಂಬರ್ 20ರಿಂದ 22ರವರೆಗೆ ಬೆಂಗಳೂರಿನಲ್ಲಿ ಇನ್ನೊಂದು ಸಮ್ಮೇಳನ ನಡೆದಿತ್ತು. ಸಂಸ್ಕೃತ ಶಾಸ್ತ್ರ ಓದಿದ ಪಂಡಿತರೂ ಕಂಪ್ಯೂಟರ್ ವಿಜ್ಞಾನಿಗಳೂ ಅಲ್ಲಿ ಒಟ್ಟಿಗೆ ಕೂತಿದ್ದರು. 2025ರಲ್ಲಿ ಮತ್ತೆ ಅದೇ ಡಿಸೆಂಬರ್ 20ರಿಂದ, ಏಷ್ಯಾದ ಗಣಕ ಭಾಷಾವಿಜ್ಞಾನಿಗಳ ದೊಡ್ಡ ಸಮ್ಮೇಳನ ಮುಂಬೈನಲ್ಲಿ ಏರ್ಪಟ್ಟಿತು.

ಕೊನೆಯ ಎರಡರ ಸುದ್ದಿ ಕನ್ನಡದ ಓದುಗರನ್ನು ಮುಟ್ಟಿದ್ದು ಕಡಿಮೆ. ಆದರೆ ಯಂತ್ರ ಯಾವ ಭಾಷೆ ಕಲಿಯಬೇಕು, ಯಾರ ಭಾಷೆ ಕಲಿಯಬೇಕು ಎಂಬುದು ತೀರ್ಮಾನವಾಗುವುದು ಇಂಥ ಸಭೆಗಳಲ್ಲಿ. ಠರಾವು ಮಂಡಿಸಿ ಕೈ ಎತ್ತಿಸಿ ಆಗುವ ತೀರ್ಮಾನವಲ್ಲ ಅದು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂಬುದರಿಂದ ತಾನಾಗಿ ಆಗಿಬಿಡುವ ತೀರ್ಮಾನ.

ಬೆರಳೆಣಿಕೆಯ ಜನ

ಶುರುವಾಗಿದ್ದು ಸಣ್ಣದಾಗಿಯೇ. 1949ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ವಾರೆನ್ ವೀವರ್ ಒಂದು ಟಿಪ್ಪಣಿ ಬರೆದು ಪರಿಚಿತರಿಗೆ ಹಂಚಿದರು. ಯುದ್ಧಕಾಲದಲ್ಲಿ ಗೂಢಲಿಪಿ ಭೇದಿಸಿದ ಹಾಗೆಯೇ ಅನುವಾದವನ್ನೂ ಯಂತ್ರದಿಂದ ಮಾಡಿಸಬಹುದಲ್ಲ ಎಂಬುದು ಅದರ ತಿರುಳು. ಮೂರು ವರ್ಷದ ಬಳಿಕ, 1952ರ ಜೂನಿನಲ್ಲಿ, ಯೆಹೋಶುವಾ ಬಾರ್‌ಹಿಲ್ಲೆಲ್ ಎಂಬ ತರ್ಕಶಾಸ್ತ್ರಜ್ಞರು ಎಂಐಟಿಯಲ್ಲಿ ಯಂತ್ರಾನುವಾದದ ಮೊದಲ ಸಮ್ಮೇಳನ ಕರೆದರು. ಬಂದವರು ಒಂದು ಮಿನಿ ಬಸ್ಸಿನಲ್ಲಿ ಹಿಡಿಯುವಷ್ಟು ಜನ.

ಅವರಲ್ಲೊಬ್ಬರು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಲಿಯಾನ್ ಡೋಸ್ಟೆರ್ಟ್. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಏಕಕಾಲದ ಭಾಷಾಂತರದ ವ್ಯವಸ್ಥೆ ಕಟ್ಟಿದ್ದವರು. ಯಂತ್ರದ ಮೇಲೆ ನಂಬಿಕೆಯಿಲ್ಲದೆ ಬಂದರು, ಜನರೆದುರು ಒಂದು ಪ್ರದರ್ಶನ ಮಾಡಿ ತೋರಿಸಿದರೇ ಇದಕ್ಕೆ ದಾರಿ ಎಂದುಕೊಂಡು ವಾಪಸಾದರು.

ಆ ಪ್ರದರ್ಶನ ನಡೆದದ್ದು 1954ರ ಜನವರಿ 7ರಂದು, ನ್ಯೂಯಾರ್ಕ್‌ನ ಐಬಿಎಂ ಕಚೇರಿಯಲ್ಲಿ. 250 ಪದಗಳ ಪದಕೋಶ, ಆರೇ ಆರು ವ್ಯಾಕರಣ ನಿಯಮ, 60ಕ್ಕೂ ಹೆಚ್ಚು ರಷ್ಯನ್ ವಾಕ್ಯ. ರಷ್ಯನ್ ಭಾಷೆಯ ಗಂಧಗಾಳಿಯಿಲ್ಲದ ಯುವತಿಯೊಬ್ಬಳು ಕಾರ್ಡುಗಳಲ್ಲಿ ವಾಕ್ಯಗಳನ್ನು ಪಂಚ್ ಮಾಡಿದಳು, ಐಬಿಎಂ 701 ಯಂತ್ರ ಇಂಗ್ಲಿಷನ್ನು ಹೊರಗೆ ಹಾಕಿತು. ಪತ್ರಿಕೆಗಳಿಗೆ ಹಬ್ಬ. ಮೂರೋ ಐದೋ ವರ್ಷದಲ್ಲಿ ಅನುವಾದದ ಸಮಸ್ಯೆ ಬಗೆಹರಿಯಬಹುದೆಂದು ಡೋಸ್ಟೆರ್ಟ್ ಹೇಳಿದರು.

ಬಗೆಹರಿಯಲಿಲ್ಲ. 1966ರಲ್ಲಿ ಅಮೆರಿಕ ಸರ್ಕಾರದ ಅಲ್ಪ್ಯಾಕ್ ಸಮಿತಿ, ಹಾಕಿದ ದುಡ್ಡಿಗೆ ತಕ್ಕ ಫಲ ಬಂದಿಲ್ಲ ಎಂದು ವರದಿ ಕೊಟ್ಟಿತು. ಅನುದಾನದ ನಲ್ಲಿ ನಿಂತಿತು. 1962ರಲ್ಲಿ ‘ಯಂತ್ರಾನುವಾದ ಮತ್ತು ಗಣಕ ಭಾಷಾವಿಜ್ಞಾನ ಸಂಘ’ ಎಂದು ಹುಟ್ಟಿದ್ದ ಸಂಸ್ಥೆ 1968ರಲ್ಲಿ ತನ್ನ ಹೆಸರಿನ ಮೊದಲರ್ಧವನ್ನೇ ಕತ್ತರಿಸಿ ಹಾಕಿತು. ಮಾನ ಹೋದ ಹೆಸರನ್ನು ಬಾಗಿಲ ಮೇಲೆ ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಇವತ್ತು ಜಗತ್ತಿಗೆ ಎಸಿಎಲ್ ಎಂದು ಗೊತ್ತಿರುವುದು ಆ ಸಂಘವೇ.

ಆ ಸಂಘ 2002ರಲ್ಲಿ ತನ್ನ ಮೊದಲ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟದ್ದು ಪುಣೆಯಲ್ಲಿ ಹುಟ್ಟಿದ ಅರವಿಂದ ಜೋಶಿಯವರಿಗೆ. ಪೆನ್ಸಿಲ್ವೇನಿಯಾಕ್ಕೆ ಹೋಗುವ ಮೊದಲು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಮ್ಯುನಿಕೇಷನ್ ಎಂಜಿನಿಯರಿಂಗ್ ಓದಿದ್ದರು. ಮಲ್ಲೇಶ್ವರದ ಪಕ್ಕದ ಆ ಮರಗಳ ನೆರಳಿನಿಂದ ಹೋದ ಹುಡುಗ ವಾಕ್ಯರಚನೆಗೆ ಹೊಸದೊಂದು ಗಣಿತವನ್ನೇ ಕಟ್ಟಿದ ಎಂಬುದು ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

> ಬಾಕ್ಸ್ 1: ಅಲೆಮಾರಿಯ ಹೆಸರಿನ ಸಮ್ಮೇಳನ
>
> ‘ಕೋಲಿಂಗ್’ ಸಮ್ಮೇಳನಗಳ ಸರಣಿ 1965ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾಯಿತು. ಕಂಪ್ಯೂಟೇಷನಲ್ ಲಿಂಗ್ವಿಸ್ಟಿಕ್ಸ್ ಎಂಬುದರ ಮೊಟಕು ರೂಪದಂತೆ ಕೇಳುವ ಈ ಹೆಸರಿನ ಹಿಂದೆ ಒಬ್ಬ ಅಲೆಮಾರಿಯೂ ಇದ್ದಾನೆ. 1969ರಲ್ಲಿ ಸ್ವೀಡನ್‌ನಲ್ಲಿ ಸಮ್ಮೇಳನ ನಡೆಸಿದವರು ತಮ್ಮ ನಾಡಿನ ವ್ಯಂಗ್ಯಚಿತ್ರಕಾರ ಆಲ್ಬರ್ಟ್ ಎಂಗ್‌ಸ್ಟ್ರೋಮ್ ಸೃಷ್ಟಿಸಿದ ‘ಕೋಲಿಂಗೆನ್’ ಎಂಬ ಪಾತ್ರವನ್ನು ನೆನೆದು ಹಾಗೆ ಕರೆದರು.
>
> ಸಮ್ಮೇಳನದ ನಡುವೆ ಒಂದು ದಿನ ಪ್ರಬಂಧಗಳಿಗೆ ರಜೆ ಕೊಟ್ಟು ಎಲ್ಲರೂ ಪ್ರವಾಸ ಹೋಗುವುದು ಇದರ ಹಳೆಯ ಪದ್ಧತಿ.
>
> ಭಾರತಕ್ಕೆ ಕೋಲಿಂಗ್ ಮೊದಲು ಬಂದದ್ದು 2012ರ ಡಿಸೆಂಬರಿನಲ್ಲಿ, ಮುಂಬೈ ಐಐಟಿಗೆ.

ಪಾದ್ರಿ, ಪಂಚ್ ಕಾರ್ಡ್, ಹೆಸರಿಲ್ಲದ ಹುಡುಗಿಯರು

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಹೊಳೆ ಹರಿಯುತ್ತಿತ್ತು. ಅನುವಾದದ ಗೊಡವೆ ಅದಕ್ಕಿಲ್ಲ. ಹಳೆಯ ಗ್ರಂಥಗಳನ್ನು ಕಂಪ್ಯೂಟರಿನಿಂದ ಓದುವುದು ಅದರ ಕೆಲಸ. ಡಿಜಿಟಲ್ ಹ್ಯುಮ್ಯಾನಿಟೀಸ್ ಎಂಬ ಇಂದಿನ ಹೆಸರು ನೆಲೆನಿಂತದ್ದು 2004ರ ಸುಮಾರಿಗೆ. ಕೆಲಸ ಮಾತ್ರ 1940ರ ದಶಕದ್ದು.

ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ಬೂಸಾ ಅವರಿಗೆ ಸಂತ ಥಾಮಸ್ ಅಕ್ವಿನಾಸರ ಸಮಗ್ರ ಲ್ಯಾಟಿನ್ ಬರಹಕ್ಕೆ ಒಂದು ಪದಸೂಚಿ ಬೇಕಿತ್ತು. ಯಾವ ಪದ ಎಲ್ಲೆಲ್ಲಿ, ಯಾವ ಸಂದರ್ಭದಲ್ಲಿ ಬಂದಿದೆ ಎಂದು ಹೇಳುವ ಸೂಚಿ. ಅಂದರೆ ಸುಮಾರು ಒಂದು ಕೋಟಿ ಪದಗಳ ಲೆಕ್ಕ. 1949ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡರು. ಇದಾಗದ ಕೆಲಸ ಎಂದರಂತೆ ವಾಟ್ಸನ್. ಕಾಯುವ ಕೋಣೆಯಲ್ಲಿ ಎತ್ತಿಕೊಂಡಿದ್ದ ಐಬಿಎಂನದೇ ಜಾಹೀರಾತಿನ ಚೀಟಿಯನ್ನು ಪಾದ್ರಿ ಮೇಜಿನ ಮೇಲಿಟ್ಟರಂತೆ. ಅಸಾಧ್ಯವಾದದ್ದಕ್ಕೆ ನಮಗೆ ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ ಎಂಬುದು ಅದರ ಒಕ್ಕಣೆ. ಕಥೆ ಬೂಸಾ ಅವರೇ ಹೇಳಿಕೊಂಡದ್ದು, ಉಪ್ಪು ಖಾರ ಎಷ್ಟು ಬೆರೆತಿದೆಯೋ. ಕೆಲಸವಂತೂ ಆಯಿತು. 56 ಸಂಪುಟಗಳಾಗಿ ಅಚ್ಚಾಗಿ ಮುಗಿಯುವಾಗ 1980 ಬಂದಿತ್ತು.

ಈ ಕ್ಷೇತ್ರದ ಜಾಗತಿಕ ಸಮ್ಮೇಳನದಲ್ಲಿ ಕೊಡುವ ದೊಡ್ಡ ಪ್ರಶಸ್ತಿ ಬೂಸಾ ಹೆಸರಿನಲ್ಲಿದೆ. 1998ರಲ್ಲಿ ಮೊದಲ ಪ್ರಶಸ್ತಿ ಅವರಿಗೇ ಸಂದಿತು.

ಆದರೆ ಕಾರ್ಡುಗಳನ್ನು ತೂತು ಮಾಡಿದ್ದು ಪಾದ್ರಿಯಲ್ಲ. ಮಿಲಾನ್ ಬಳಿಯ ಗಲ್ಲರಾತೆ ಎಂಬ ಊರಿನಲ್ಲಿ ಹಳೆಯ ಬಟ್ಟೆ ಗಿರಣಿಯೊಂದರ ಕಟ್ಟಡ. ಅಲ್ಲಿ ಸಾಲಾಗಿ ಯಂತ್ರಗಳು, ಯಂತ್ರಗಳ ಮುಂದೆ ಯುವತಿಯರು. ಲ್ಯಾಟಿನ್ ಓದಲು ಬಾರದ ಅವರ ಬೆರಳುಗಳಿಂದಲೇ ಅಕ್ವಿನಾಸ್ ಯಂತ್ರದೊಳಗೆ ಇಳಿದದ್ದು. ದಶಕಗಳ ಕಾಲ ಯಾವ ವೇದಿಕೆಯಲ್ಲೂ ಇವರ ಹೆಸರು ಬರಲಿಲ್ಲ. ಸಂಶೋಧಕಿ ಜೂಲಿಯಾನ್ ನೈಹನ್ ಈ ಯುವತಿಯರಲ್ಲಿ ಹಲವರನ್ನು ಹುಡುಕಿ ಮಾತಾಡಿಸಿ ಪುಸ್ತಕ ಬರೆದದ್ದು 2022ರಲ್ಲಿ. ನ್ಯೂಯಾರ್ಕ್‌ನಲ್ಲಿ ರಷ್ಯನ್ ಬಾರದ ಹುಡುಗಿ, ಗಲ್ಲರಾತೆಯಲ್ಲಿ ಲ್ಯಾಟಿನ್ ಬಾರದ ಹುಡುಗಿಯರು. ಪ್ರಬಂಧ ಓದಿದವರು ಮಾತ್ರ ಗಂಡಸರು.

ಈ ಕವಲಿನ ಸಮ್ಮೇಳನಗಳು ಎಂದೂ ಅಷ್ಟು ಗದ್ದಲ ಮಾಡಿದವಲ್ಲ, ಆದರೆ ಕೆಲವು ಗಟ್ಟಿ ಕೆಲಸ ಮಾಡಿವೆ. 1987ರ ನವೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ವ್ಯಾಸರ್ ಕಾಲೇಜಿನಲ್ಲಿ ಸೇರಿದ ಒಂದು ಸಣ್ಣ ಗುಂಪು, ಗ್ರಂಥಗಳನ್ನು ಕಂಪ್ಯೂಟರಿಗೆ ಏರಿಸುವಾಗ ಎಲ್ಲರೂ ಒಂದೇ ಬಗೆಯ ಗುರುತುಗಳನ್ನು ಬಳಸೋಣ ಎಂದು ಒಪ್ಪಿಕೊಂಡಿತು. ಇದು ಪದ್ಯದ ಸಾಲು, ಇದು ವ್ಯಕ್ತಿಯ ಹೆಸರು, ಇಲ್ಲಿ ಓಲೆ ಹರಿದಿದೆ, ಇದು ಪ್ರತಿಕಾರನ ತಿದ್ದುಪಡಿ ಎಂದೆಲ್ಲ ಹೇಳುವ ಗುರುತುಗಳು. ಟಿಇಐ ಎಂಬ ಆ ಪದ್ಧತಿ ಇಂದಿಗೂ ಊರ್ಜಿತದಲ್ಲಿದೆ. ಎರಡು ದಿನದ ಸಭೆಯೊಂದರಿಂದ ಇದಕ್ಕಿಂತ ಬಾಳಿಕೆ ಬರುವ ಫಲ ಬಂದದ್ದನ್ನು ನಾನಂತೂ ಕಾಣೆ.

ಬೆಂಗಳೂರಿನ ಮೂರು ದಿನ

1985ರಲ್ಲಿ ರಿಕ್ ಬ್ರಿಗ್ಸ್ ಎಂಬ ಅಮೆರಿಕದ ಸಂಶೋಧಕರು ‘ಎಐ ಮ್ಯಾಗಜೀನ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅವರಿದ್ದದ್ದು ನಾಸಾದ ಏಮ್ಸ್ ಕೇಂದ್ರದ ಆವರಣದ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಒಂದು ವಾಕ್ಯದ ಅರ್ಥವನ್ನು ಬಿಡಿಸಿಡಲು ಸಂಸ್ಕೃತದ ವೈಯಾಕರಣರೂ ನೈಯಾಯಿಕರೂ ಬಳಸಿದ ಕ್ರಮಕ್ಕೂ, ಕೃತಕ ಬುದ್ಧಿಮತ್ತೆಯವರು ಅರ್ಥದ ಜಾಲ ಹೆಣೆಯುವ ಕ್ರಮಕ್ಕೂ ಗಾಢವಾದ ಹೋಲಿಕೆ ಇದೆ ಎಂಬುದು ಅವರ ವಾದ.

ಹೇಳಿದ್ದು ಇಷ್ಟೇ. ಕಂಪ್ಯೂಟರಿಗೆ ಅತ್ಯುತ್ತಮ ಭಾಷೆ ಸಂಸ್ಕೃತ ಎಂದು ನಾಸಾ ಘೋಷಿಸಿದೆ ಎಂಬ ಮಾತು ನಿಮಗೂ ಫಾರ್ವರ್ಡ್ ಆಗಿ ಬಂದಿರುತ್ತದೆ. ನಾಸಾ ಅಂಥ ಘೋಷಣೆ ಮಾಡಿಲ್ಲ. ಬ್ರಿಗ್ಸ್ ಕೂಡ ಸಂಸ್ಕೃತದಲ್ಲಿ ಪ್ರೋಗ್ರಾಂ ಬರೆಯಿರಿ ಎಂದವರಲ್ಲ.

ಲೇಖನದ ಬೆನ್ನಿಗೇ, 1986ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ, ಸಂಸ್ಕೃತದಲ್ಲಿ ಜ್ಞಾನದ ನಿರೂಪಣೆ ಮತ್ತು ಅನುಮಾನ ಕುರಿತ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ನ್ಯಾಯ, ವ್ಯಾಕರಣ, ಮೀಮಾಂಸೆಗಳಲ್ಲಿ ಪಳಗಿದ ಶಾಸ್ತ್ರಿಗಳು ಒಂದು ಕಡೆ, ಕಂಪ್ಯೂಟರ್ ವಿಜ್ಞಾನಿಗಳು ಇನ್ನೊಂದು ಕಡೆ. ಸ್ವತಃ ಬ್ರಿಗ್ಸ್ ಅದರ ವರದಿಯನ್ನು ಮರುವರ್ಷ ಅದೇ ಪತ್ರಿಕೆಗೆ ಬರೆದರು.

‘ಅನುಮಾನ’ ಎಂದರೆ ನೈಯಾಯಿಕರಿಗೆ ಹೊಗೆ ಕಂಡು ಬೆಂಕಿಯನ್ನು ಊಹಿಸುವ ಪ್ರಮಾಣ. ಅದೇ ಕೆಲಸ ಕಂಪ್ಯೂಟರಿನವರಿಗೆ ನಿಯಮಗಳ ಸರಪಳಿ. ಒಬ್ಬರಿಗೆ ಪಾಣಿನಿಯ ಕಾರಕಗಳು ಗುರುಮುಖೇನ ಬಂದ ಪಾಠ. ಇನ್ನೊಬ್ಬರಿಗೆ ಅವೇ, ಕ್ರಿಯಾಪದದ ಸುತ್ತ ಯಾರು ಮಾಡಿದರು, ಏನನ್ನು, ಯಾತರಿಂದ, ಯಾರಿಗಾಗಿ, ಎಲ್ಲಿಂದ, ಎಲ್ಲಿ ಎಂದು ತುಂಬಬೇಕಾದ ಖಾಲಿ ಚೌಕಗಳು. ಇಬ್ಬರೂ ಹೇಳುತ್ತಿರುವುದು ಒಂದನ್ನೇ ಎಂದು ಅರ್ಥವಾಗುವುದಕ್ಕೆ ಮುಖಾಮುಖಿ ಕೂತು ತಗಾದೆ ಮಾಡಲೇಬೇಕು. ಕಾಗದದ ಮೇಲೆ ಅದಾಗುವುದಿಲ್ಲ.

ಆ ದಿನಗಳ ಗಾಳಿಯಲ್ಲೇ ಬೆಳೆದ ಕೆಲಸವೊಂದರಲ್ಲಿ ಕನ್ನಡದ ಪಾಲಿದೆ. ಕಾನ್ಪುರ ಐಐಟಿಯಲ್ಲಿ ವಿನೀತ್ ಚೈತನ್ಯ, ಮುಂದೆ ಹೈದರಾಬಾದಿನ ಐಐಐಟಿಯ ನಿರ್ದೇಶಕರಾದ ರಾಜೀವ್ ಸಂಗಲ್ ಮತ್ತವರ ಗೆಳೆಯರು ಪಾಣಿನಿಯ ಕಾರಕ ಸಿದ್ಧಾಂತದ ಮೇಲೆ ‘ಅನುಸಾರಕ’ ಎಂಬ ವ್ಯವಸ್ಥೆ ಕಟ್ಟಿದರು. ಅವರು ಮೊದಮೊದಲು ಕೈಗೆತ್ತಿಕೊಂಡ ಜೋಡಿಗಳಲ್ಲಿ ಕನ್ನಡ–ಹಿಂದಿಯೂ ಒಂದು.

ಅನುಸಾರಕ ಪೂರ್ಣ ಅನುವಾದದ ಬಡಾಯಿ ಕೊಚ್ಚಲಿಲ್ಲ. ಕನ್ನಡದ ವಾಕ್ಯವನ್ನು, ಅದರ ಪದಗಳ ಸಾಲು ಕೆಡದ ಹಾಗೆ, ಹಿಂದಿಯ ವೇಷ ಹಾಕಿ ಓದುಗನ ಮುಂದೆ ನಿಲ್ಲಿಸುತ್ತಿತ್ತು. ಹಿಂದಿ ಸ್ವಲ್ಪ ವಕ್ರ ಅನ್ನಿಸಿದರೂ, ಚೂರು ಅಭ್ಯಾಸವಾದ ಓದುಗನಿಗೆ ಕನ್ನಡ ಪಠ್ಯದ ಒಳಗೆ ಇಣುಕಲು ಸಾಧ್ಯವಾಗುತ್ತಿತ್ತು. ಇವತ್ತಿನ ಎಐ ಗೊತ್ತಿಲ್ಲದ ಕಡೆಯೂ ನಯವಾಗಿ, ಆತ್ಮವಿಶ್ವಾಸದಿಂದ ಸುಳ್ಳು ಹೇಳುವುದನ್ನು ನೋಡಿದಾಗ, ತನ್ನ ಮಿತಿಯನ್ನು ಮುಖದ ಮೇಲೇ ಬರೆದುಕೊಂಡಿದ್ದ ಆ ಒರಟು ಯಂತ್ರದ ಮೇಲೆ ನನಗೆ ಗೌರವ ಹೆಚ್ಚುತ್ತದೆ.

> ಬಾಕ್ಸ್ 2: ಸಿರಿಗೆರೆಯ ಪಾಣಿನಿ
>
> ಪಾಣಿನಿಯ ಅಷ್ಟಾಧ್ಯಾಯಿಯ ಸೂತ್ರಗಳನ್ನು ಕಂಪ್ಯೂಟರಿಗೆ ಅಳವಡಿಸಿದ ‘ಗಣಕಾಷ್ಟಾಧ್ಯಾಯಿ’ ತಂತ್ರಾಂಶ ರೂಪಿಸಿದವರು ಸಿರಿಗೆರೆಯ ತರಳಬಾಳು ಮಠದ ಶ್ರೀ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ. 1997ರ ಜನವರಿಯಲ್ಲಿ 10ನೇ ವಿಶ್ವ ಸಂಸ್ಕೃತ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು.
>
> ಸಂಸ್ಕೃತ ಗಣಕ ಭಾಷಾವಿಜ್ಞಾನಕ್ಕೇ ಮೀಸಲಾದ ಅಂತರರಾಷ್ಟ್ರೀಯ ವಿಚಾರ ಸಂಕಿರಣಗಳ ಸರಣಿ 2007ರಲ್ಲಿ ಶುರುವಾದದ್ದು ಮಾತ್ರ ಪ್ಯಾರಿಸ್ ಬಳಿ.

ಎದೆಯ ಬಿಲ್ಲೆ ನೋಡಿ ಮಾತು

ಈಗಿನ ಸಮ್ಮೇಳನದ ಒಳಹೊಕ್ಕರೆ ಮೊದಲು ಕಾಣುವುದು ವೇದಿಕೆಯಲ್ಲ, ಪೋಸ್ಟರ್ ಸಭಾಂಗಣ. ಮದುವೆ ಛತ್ರದ ಹತ್ತು ಪಟ್ಟು ದೊಡ್ಡ ಹಾಲ್. ಉದ್ದಕ್ಕೂ ಬೋರ್ಡುಗಳ ಸಾಲು, ಪ್ರತಿ ಬೋರ್ಡಿಗೂ ಆಳೆತ್ತರಕ್ಕೆ ಹತ್ತಿರದ ಒಂದು ಪೋಸ್ಟರ್, ಪೋಸ್ಟರಿನ ಪಕ್ಕ ಅದನ್ನು ಬರೆದ ವಿದ್ಯಾರ್ಥಿ. ಎರಡು ವರ್ಷದ ದುಡಿಮೆಯನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಹತ್ತಿರ ಬರುವವರ ಕಣ್ಣು ಮೊದಲು ಹೋಗುವುದು ಪೋಸ್ಟರಿಗಲ್ಲ, ಎದೆಯ ಮೇಲೆ ನೇತಾಡುವ ಬಿಲ್ಲೆಗೆ. ಅಲ್ಲಿ ದೊಡ್ಡ ಕಂಪನಿಯ ಹೆಸರಿದ್ದರೆ ನಿಲ್ಲುತ್ತಾರೆ. ಯಾರೂ ಕೇಳಿರದ ವಿಶ್ವವಿದ್ಯಾಲಯವಾದರೆ ಮುಗುಳ್ನಕ್ಕು ಮುಂದಕ್ಕೆ.

2025ರ ಎಸಿಎಲ್ ಸಮ್ಮೇಳನ ವಿಯೆನ್ನಾದಲ್ಲಿ ನಡೆಯಿತು. ಅದಕ್ಕೆ ಬಂದ ಪ್ರಬಂಧಗಳು 8,000ಕ್ಕೂ ಹೆಚ್ಚು. ಅಷ್ಟನ್ನು ಓದಿ ಷರಾ ಬರೆಯುವವರು ಯಾರು? ಪ್ರಬಂಧ ಕಳಿಸಿದವರೇ, ಒಬ್ಬರದನ್ನು ಇನ್ನೊಬ್ಬರು. 1988ರ ಆ ಅನಾಮಧೇಯ ವಿದ್ವಾಂಸರಿಗೆ ಸಿಟ್ಟು ಬರುವಷ್ಟಾದರೂ ಪುರುಸೊತ್ತಿತ್ತು. ಅವರ ತೀರ್ಪು ತಪ್ಪಾಯಿತು ನಿಜ, ಆದರೆ ಪ್ರಬಂಧದ ಎದೆಗೇ ಕೈಹಾಕಿ ಜಗಳವಾಡಿದ್ದರು. ಈಗಿನ ಷರಾಗಳಲ್ಲಿ ಬಹಳಷ್ಟು ಇನ್ನೂ ಎರಡು ಪ್ರಯೋಗ ಮಾಡಿ ಎನ್ನುವಲ್ಲಿಗೆ ಮುಗಿಯುತ್ತವೆ.

ಜಗಳ ಪೂರ್ತಿ ಸತ್ತಿಲ್ಲ. 2020ರ ಎಸಿಎಲ್ ಸಿಯಾಟಲ್‌ನಲ್ಲಿ ನಡೆಯಬೇಕಿತ್ತು. ಕೊರೊನಾ ಬಂದು ಎಲ್ಲರ ಮನೆಯ ಪರದೆಗೆ ಬಂತು. ಆ ವರ್ಷ ಎಮಿಲಿ ಬೆಂಡರ್ ಮತ್ತು ಅಲೆಕ್ಸಾಂಡರ್ ಕೊಲ್ಲರ್ ಒಂದು ಆಕ್ಟೋಪಸ್ಸಿನ ಕಥೆ ಕಟ್ಟಿದರು. ಎರಡು ದ್ವೀಪಗಳ ನಡುವಿನ ತಂತಿ ಸಂದೇಶಗಳನ್ನು ಕದ್ದು ಕೇಳಿ ಕೇಳಿ ಅನುಕರಿಸಲು ಕಲಿತ ಆಕ್ಟೋಪಸ್, ಕರಡಿ ಅಟ್ಟಿಸಿಕೊಂಡು ಬಂದಿದೆ, ಏನು ಮಾಡಲಿ ಎಂದು ಯಾರಾದರೂ ಕೇಳಿದರೆ ಉತ್ತರಿಸೀತೇ? ಅದು ಕರಡಿಯನ್ನು ಕಂಡೇ ಇಲ್ಲವಲ್ಲ. ಬರೀ ಪಠ್ಯ ತಿಂದು ಬೆಳೆದ ಯಂತ್ರಕ್ಕೆ ಅರ್ಥ ಗೊತ್ತಿರುವುದಿಲ್ಲ ಎಂಬ ಆ ವಾದಕ್ಕೆ ಪ್ರಶಸ್ತಿಯೂ ಬಂತು, ಚಾಟ್‌ಜಿಪಿಟಿ ಬಂದ ಮೇಲೆ ಜಗಳವೂ ಇಮ್ಮಡಿಸಿತು.

ಅದೇ 2020ರ ಎಸಿಎಲ್‌ಗೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಿಂದ ಹೋದ ಪ್ರಬಂಧವೊಂದು ನಮಗೆ ಇನ್ನೂ ಹತ್ತಿರದ್ದು. ಕಲಿಕಾ ಬಾಲಿ, ಮೊನೊಜಿತ್ ಚೌಧುರಿ ಮತ್ತು ಸಂಗಡಿಗರು ಜಗತ್ತಿನ ಸುಮಾರು 2,500 ಭಾಷೆಗಳನ್ನು, ಯಂತ್ರಕ್ಕೆ ಉಣಿಸಲು ಅವುಗಳಲ್ಲಿ ಎಷ್ಟು ಸಾಮಗ್ರಿ ಇದೆ ಎಂದು ನೋಡಿ ಆರು ಮೆಟ್ಟಿಲುಗಳಲ್ಲಿ ಕೂರಿಸಿದರು. ಮೇಲಿನ ಮೆಟ್ಟಿಲಲ್ಲಿ ಏಳೇ ಏಳು ಭಾಷೆ. ತೀರ ಕೆಳಗಿನದರಲ್ಲಿ 2,000ಕ್ಕೂ ಹೆಚ್ಚು. ಭೋಜ್‌ಪುರಿಯನ್ನು ಮಾತೃಭಾಷೆ ಎಂದು 2011ರ ಜನಗಣತಿಯಲ್ಲಿ ಬರೆಸಿದವರು ಐದು ಕೋಟಿಗೂ ಅಧಿಕ, ಕನ್ನಡಕ್ಕಿಂತ ಹೆಚ್ಚು. ಅದು ಕೂತದ್ದು ಕೆಳಗಿನಿಂದ ಎರಡನೇ ಮೆಟ್ಟಿಲಲ್ಲಿ. ಮಾತಾಡುವವರ ತಲೆ ಎಣಿಕೆಗೂ ಯಂತ್ರಲೋಕದ ಮರ್ಯಾದೆಗೂ ಸಂಬಂಧವೇ ಇಲ್ಲ.

ಇನ್ನು ವೀಸಾ. ಸಮ್ಮೇಳನ ಅಮೆರಿಕದಲ್ಲೋ ಕೆನಡಾದಲ್ಲೋ ನಡೆದರೆ, ಪ್ರಬಂಧ ಆಯ್ಕೆಯಾದರೂ ಮಂಡಿಸುವವರು ಊರಲ್ಲೇ ಉಳಿಯುವುದು ಮಾಮೂಲು. ಇದಕ್ಕೊಂದು ಪರಿಹಾರವೆಂದೇ ಐಸಿಎಲ್ಆರ್ ಎಂಬ ದೊಡ್ಡ ಎಐ ಸಮ್ಮೇಳನವನ್ನು 2020ರಲ್ಲಿ ಇಥಿಯೋಪಿಯಾದ ಆದಿಸ್ ಅಬಾಬಾಕ್ಕೆ ಒಯ್ಯಲು ಗೊತ್ತುಮಾಡಿದ್ದರು. ಅದನ್ನೂ ಕೊರೊನಾ ನುಂಗಿತು.

ಸರ್ಕಾರಿ ಕನ್ನಡ, ಕಾಮೆಂಟ್ ಕನ್ನಡ

ಹಾಗಾದರೆ ಈ ಸಭೆಗಳಲ್ಲಿ ಕನ್ನಡ ಎಲ್ಲಿದೆ? ಇದೆ. ಮೂಲೆಯಲ್ಲಿದೆ, ಆದರೆ ಉತ್ಸಾಹದಿಂದಿದೆ.

ದೊಡ್ಡ ಸಮ್ಮೇಳನಗಳ ಹಿಂದೆ ಮುಂದೆ ಒಂದೆರಡು ದಿನ ಕಾರ್ಯಾಗಾರಗಳಿರುತ್ತವೆ. ಅಲ್ಲಿ ಸ್ಪರ್ಧೆಗಳನ್ನು ಏರ್ಪಡಿಸುತ್ತಾರೆ. ಸಂಘಟಕರು ಒಂದಿಷ್ಟು ಭಾಷಾ ಸಾಮಗ್ರಿ ಕೊಡುತ್ತಾರೆ, ಕಾಲೇಜು ಹುಡುಗರಿಂದ ಹಿಡಿದು ಕಂಪನಿಯವರವರೆಗೆ ಯಾರು ಬೇಕಾದರೂ ಅದರ ಮೇಲೆ ಮಾಡೆಲ್ ತರಬೇತು ಮಾಡಿ ಅಂಕಗಳಿಗಾಗಿ ಪೈಪೋಟಿ ನಡೆಸಬಹುದು. 2021ರಲ್ಲಿ ಯುರೋಪಿನ ಎಸಿಎಲ್ ಸಮ್ಮೇಳನದ ಜೊತೆ ದ್ರಾವಿಡ ಭಾಷೆಗಳಿಗೆಂದೇ ಮೊದಲ ಕಾರ್ಯಾಗಾರ ನಡೆಯಿತು. ತಮಿಳು, ಮಲಯಾಳಗಳ ಜೊತೆ ಕನ್ನಡಕ್ಕೂ ಒಂದು ಸ್ಪರ್ಧೆ: ನಿಂದನೆಯ ಮಾತನ್ನು ಗುರುತಿಸುವುದು.

ಸಾಮಗ್ರಿ ಬಂದದ್ದು ಯೂಟ್ಯೂಬಿನ ಕಾಮೆಂಟುಗಳಿಂದ. 2020ರಲ್ಲಿ ಪ್ರಕಟವಾದ ಒಂದು ಸಂಗ್ರಹದಲ್ಲಿ ಇರುವ ಕನ್ನಡ ಕಾಮೆಂಟುಗಳು 7,671. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಕೆಲವು ಕನ್ನಡ ಲಿಪಿಯಲ್ಲಿ, ಇನ್ನು ಕೆಲವು ಇಂಗ್ಲಿಷ್ ಅಕ್ಷರಗಳಲ್ಲಿ. ‘ಸೂಪರ್ ಗುರು, ಟ್ರೇಲರ್ ಬೆಂಕಿ’ ಎಂಬ ಧಾಟಿಯಲ್ಲಿ ನಾವು ಬರೆಯುತ್ತೇವಲ್ಲ, ಅಂಥವು. ಇಲ್ಲಿ ‘ಬೆಂಕಿ’ ಹೊಗಳಿಕೆಯೋ ಅನಾಹುತವೋ ಎಂಬುದನ್ನು ಯಂತ್ರ ಕಂಡುಹಿಡಿಯಬೇಕು. ನೈಯಾಯಿಕರಿಗೂ ಸುಲಭವಲ್ಲ.

ಅನುವಾದ ಕಲಿಸುವ ಸಾಮಗ್ರಿಯದು ಇದಕ್ಕೆ ತದ್ವಿರುದ್ಧ. ಏಷ್ಯಾದ ಅನುವಾದ ಕಾರ್ಯಾಗಾರ 2021ರಲ್ಲಿ ಕನ್ನಡವೂ ಸೇರಿ 10 ಭಾರತೀಯ ಭಾಷೆಗಳ ಸ್ಪರ್ಧೆ ನಡೆಸಿತು. ಕನ್ನಡದ ಎದುರು ಇಂಗ್ಲಿಷನ್ನು ಅಚ್ಚುಕಟ್ಟಾಗಿ ಜೋಡಿಸಿಕೊಡುವ ಪಠ್ಯ ಎಲ್ಲಿ ಸಿಗುತ್ತದೆ? ಪ್ರಧಾನಿಯವರ ಜಾಲತಾಣದ ಸುದ್ದಿ ಮತ್ತು ಭಾಷಣಗಳಲ್ಲಿ, ಸರ್ಕಾರದ ಪತ್ರಿಕಾ ಪ್ರಕಟಣೆಗಳಲ್ಲಿ. ಹೀಗಾಗಿ ನಮ್ಮ ಯಂತ್ರಗಳು ‘ಉದ್ಘಾಟನೆ ನೆರವೇರಿಸಿದರು’, ‘ಸಂತಸ ವ್ಯಕ್ತಪಡಿಸಿದರು’ ಎಂಬ ಕನ್ನಡದಲ್ಲಿ ಪಳಗಿವೆ. ಒಂದು ಕಿವಿಗೆ ಅಧಿಕಾರಿಯ ಕನ್ನಡ, ಇನ್ನೊಂದಕ್ಕೆ ಕಾಮೆಂಟಿನ ಕನ್ನಡ. ನಡುವೆ ಇರುವ ಕುಂದಾಪುರ, ಧಾರವಾಡ, ಕಲಬುರಗಿ, ಚಾಮರಾಜನಗರಗಳು ಎಲ್ಲಿ ಹೋದವು ಎಂದು ಕೇಳಬೇಕಾದವರು ಆ ಸಭೆಯಲ್ಲಿರಲಿಲ್ಲ.

ಆ ಪ್ರಶ್ನೆಗೆ ಅಲ್ಪಸ್ವಲ್ಪ ಉತ್ತರ ಹಳ್ಳಿಗಳಿಂದಲೇ ಬರುತ್ತಿದೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ರಾಜ್ಯದ ಹಳ್ಳಿಗಳ ಜನರಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಧ್ವನಿ ಮುದ್ರಿಸಿಕೊಂಡು, ಗಂಟೆಗೆ ಸುಮಾರು 5 ಡಾಲರ್ ಸಂಭಾವನೆ ಕೊಡುತ್ತಿರುವುದು 2023ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆಯಲ್ಲೂ ಸುದ್ದಿಯಾಯಿತು. ಆ ಧ್ವನಿ ಮತ್ತೆ ಮಾರಾಟವಾದರೆ ಅವರಿಗೆ ಪಾಲೂ ಉಂಟು. ಗಲ್ಲರಾತೆಯ ಹುಡುಗಿಯರಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಸಮ್ಮೇಳನದ ಬಿಲ್ಲೆ ಮಾತ್ರ ಇವರ ಕೊರಳಿಗೂ ಬಿದ್ದಿಲ್ಲ.

> ಬಾಕ್ಸ್ 3: ನಮ್ಮದೇ ಪದಸೂಚಿ
>
> ಸಮಗ್ರ ವಚನ ಸಂಪುಟಗಳ 20,000ಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್‌ಗೆ ತಂದು, ಯಾವ ಪದ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಹುಡುಕುವ ಹಾಗೆ ಮಾಡಿರುವುದು ‘ವಚನ ಸಂಚಯ’. ಬೂಸಾ ಲ್ಯಾಟಿನ್ನಿಗೆ ಮಾಡಿದ ಕೆಲಸದ ಕನ್ನಡದ ಸೋದರ ಎನ್ನಬಹುದು. ಓ.ಎಲ್. ನಾಗಭೂಷಣಸ್ವಾಮಿ ಅವರಂಥ ಹಿರಿಯ ವಿದ್ವಾಂಸರೂ ಸಾಫ್ಟ್‌ವೇರ್ ತರುಣರೂ ಸೇರಿ ಮಾಡಿದ್ದು ಇದು.
>
> ಬೆಂಗಳೂರಿನ ಮಿಥಿಕ್ ಸೊಸೈಟಿ ಬೆಂಗಳೂರು ಪ್ರದೇಶದ ಕಲ್ಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿಸುತ್ತಿದೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಪರದೆಯ ಮೇಲೆ ಎದ್ದು ಬರುತ್ತವೆ.

ಯಾರು ಬರಬೇಕು

ಕನ್ನಡದ ಪ್ರೋಗ್ರಾಮರ್‌ಗಳು ಈ ಸಭೆಗಳಿಗೆ ಹೋಗುತ್ತಿದ್ದಾರೆ. ಬೆಂಗಳೂರು, ಮಂಗಳೂರು, ಮೈಸೂರುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ಪರ್ಧೆಗೆ ಇಳಿಯುತ್ತಿದ್ದಾರೆ, ಪ್ರಬಂಧ ಬರೆಯುತ್ತಿದ್ದಾರೆ. ಕೊರತೆ ಇರುವುದು ಇನ್ನೊಂದು ಪಕ್ಷದ್ದು. ಸಮಾಸಗಳನ್ನು ಬಿಡಿಸಬಲ್ಲವರು, ಕೇಶಿರಾಜನ ಶಬ್ದಮಣಿದರ್ಪಣಕ್ಕೂ ಭಟ್ಟಾಕಳಂಕನ ಶಬ್ದಾನುಶಾಸನಕ್ಕೂ ಭೇದ ಹೇಳಬಲ್ಲವರು, ಹವ್ಯಕ ಕನ್ನಡದ ಕ್ರಿಯಾಪದ ಧಾರವಾಡದಲ್ಲಿ ಹೇಗೆ ತಿರುಗುತ್ತದೆ ಎಂದು ಬಲ್ಲವರು ಪೋಸ್ಟರ್ ಸಾಲಿನಲ್ಲಿ ಸಿಗುವುದಿಲ್ಲ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಇವರಿದ್ದಾರೆ. ಹೋಗಲು ದುಡ್ಡಿಲ್ಲ, ಕರೆಯುವವರಿಲ್ಲ, ಇಂಗ್ಲಿಷಿನ ಅಳುಕು ಬೇರೆ.

ಐಬಿಎಂ ತಂಡ ಗೆದ್ದಿತು, ಹಾಗಿರುವಾಗ ವ್ಯಾಕರಣದವರ ಗೊಡವೆ ಯಾಕೆ ಎನ್ನಬಹುದು. ಆ ತಂಡದ ಮುಂದಾಳು ಫ್ರೆಡ್ ಜೆಲಿನೆಕ್, ಭಾಷಾವಿಜ್ಞಾನಿಗಳನ್ನು ಕಳಿಸಿದಾಗಲೆಲ್ಲ ನಮ್ಮ ಯಂತ್ರ ಸುಧಾರಿಸುತ್ತದೆ ಎಂದು ಗೇಲಿ ಮಾಡಿದವರೆಂದೇ ಪ್ರಸಿದ್ಧರು. ಅವರೇ 2004ರಲ್ಲಿ ಒಂದು ಸಮ್ಮೇಳನದಲ್ಲಿ ಮಾಡಿದ ಭಾಷಣಕ್ಕೆ, ನನ್ನ ಆಪ್ತ ಗೆಳೆಯರಲ್ಲಿ ಕೆಲವರು ಭಾಷಾವಿಜ್ಞಾನಿಗಳು ಎಂಬ ಅರ್ಥದ ಶೀರ್ಷಿಕೆ ಕೊಟ್ಟರು. ಎಣಿಸಲು ಕೋಟಿಗಟ್ಟಲೆ ವಾಕ್ಯಗಳಿದ್ದ ಫ್ರೆಂಚಿಗೆ ಎಣಿಕೆ ಸಾಕಾಯಿತು. ಎಣಿಸಲು ಅಷ್ಟಿಲ್ಲದ ಕನ್ನಡಕ್ಕೆ, ಇರುವಷ್ಟರಲ್ಲಿ ಯಾವುದು ಸರಿ, ಯಾವುದು ಯಾರ ನುಡಿ ಎಂದು ಹೇಳುವವರು ಬೇಕೇ ಬೇಕು.

ವಿದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ಎಸಿಎಲ್ ತನ್ನ ಮತ್ತು ಸೋದರ ಸಮ್ಮೇಳನಗಳ ಒಂದು ಲಕ್ಷಕ್ಕೂ ಹೆಚ್ಚು ಪ್ರಬಂಧಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಲು ತೆರೆದಿಟ್ಟಿದೆ. ಕನ್ನಡ ಎಂದು ಹುಡುಕಿ ನೋಡಿ. ಸಿಕ್ಕ ಪ್ರಬಂಧದಲ್ಲಿ ಕನ್ನಡದ ಉದಾಹರಣೆ ತಪ್ಪಿದ್ದರೆ ಬರೆದವರಿಗೆ ಒಂದು ಪತ್ರ ಹಾಕಿ, ಅವರ ಇಮೇಲ್ ವಿಳಾಸ ಸಾಮಾನ್ಯವಾಗಿ ಮೊದಲ ಪುಟದಲ್ಲೇ ಇರುತ್ತದೆ.

ಇನ್ನು ಸಾಹಿತ್ಯ ಸಮ್ಮೇಳನದ ಗೋಷ್ಠಿಗಳ ಪಟ್ಟಿ ತಯಾರಿಸುವವರಲ್ಲಿ ಒಂದು ಅರಿಕೆ. ‘ಕನ್ನಡ ಮತ್ತು ತಂತ್ರಜ್ಞಾನ’ ಎಂದು ಊಟದ ಹೊತ್ತಿಗೆ ಒಂದೂವರೆ ಗಂಟೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಇಡೀ ಒಂದು ದಿನ ಕೊಡಿ. ಮಾಡೆಲ್ ಕಟ್ಟುವವರನ್ನು, ಹಳಗನ್ನಡ ಪಾಠ ಹೇಳುವವರನ್ನು, ಫೋನಿಗೆ ವಾಕ್ಯ ಓದಿಕೊಟ್ಟ ಹಳ್ಳಿಯ ಹೆಂಗಸರನ್ನು ಒಂದೇ ವೇದಿಕೆಗೆ ಕರೆಯಿರಿ. ಹಾರ, ಶಾಲು, ಸ್ವಾಗತ ಭಾಷಣಗಳನ್ನು ಆ ಒಂದು ದಿನ ಕೈಬಿಟ್ಟು, ಉಳಿದ ಹೊತ್ತನ್ನೆಲ್ಲ ಪ್ರಶ್ನೋತ್ತರಕ್ಕೆ ಇಡಿ.